ಆರೋಗ್ಯವಾಗಿರೋ ಕೆಲಸ

ಮಾರ್ಚ್ ೨೫, ೧೯೬೩, ಸೋಮವಾರ. ಬೆಥೆಸ್ಡಾ

ಇವತ್ತು ಸೂಜಿ ಹಾಕಿದರು. ಇನ್ನು ಮೇಲೆ ನನಗಿರೋದು ಒಂದೇ ಕೆಲಸ, ಆರೋಗ್ಯವಾಗಿರೋದು. ಕ್ಯಾನ್ಸಸ್‌ನಲ್ಲಿ ಕೋಳಿ ಕೂಗೋ ಮೊದಲೇ ಎದ್ದು ಹಾಲು ಕರೆಯೋ ಎಲ್ಡಾ ಟ್ರಾಯರ್, ಇಲ್ಲಿ ಈ ಸರ್ಕಾರಿ ಸಂಶೋಧನಾ ಆಸ್ಪತ್ರೆಯಲ್ಲಿ ಹಾಸಿಗೆ ಮೇಲೆ ಕಾಲು ಚಾಚಿಕೊಂಡು ಕೂತಿದ್ದಾಳೆ. ಅಮ್ಮ ನೋಡಿದರೆ ಪೊರಕೆ ಹಿಡಿದುಕೊಂಡು ಬರುತ್ತಾಳೆ.

ನಮ್ಮ ಮೆನೊನೈಟ್ ಕ್ರೈಸ್ತ ಸಭೆಯ ಹುಡುಗರು ಬಂದೂಕು ಮುಟ್ಟಲ್ಲ. ಸೈನ್ಯದ ಕಡ್ಡಾಯ ಸೇವೆಯ ಬದಲು ಇಂಥ ಕಡೆ ಬಂದು, ಡಾಕ್ಟರುಗಳಿಗೆ ತಮ್ಮ ಗಟ್ಟಿ ಮೈ ಕೊಡುತ್ತಾರೆ. ಹುಡುಗಿಯರಿಗೆ ಬಲವಂತ ಇಲ್ಲ, ನಾನೇ ಹಟ ಮಾಡಿ ಬಂದೆ. ಜೂನ್ ಮೊದಲ ವಾರಕ್ಕೆ ನನ್ನ ಸೇವೆ ಮುಗಿಯುತ್ತೆ. ಗೋಧಿ ಕೊಯ್ಲಿಗೆ ಮನೇಲಿರುತ್ತೇನೆ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೇನೆ.

ಡಾಕ್ಟರ್ ಲೆವಿಟ್ಸ್ಕಿ ಇನ್ನೂ ಹುಡುಗನ ಹಾಗಿದ್ದಾರೆ, ಟೈ ಯಾವಾಗಲೂ ಸೊಟ್ಟ. ಹಾಸಿಗೆ ಅಂಚಲ್ಲಿ ಕೂತು ವಿವರಿಸಿದರು. "ನಿನ್ನ ರಕ್ತದಲ್ಲಿ ರೋಗದ ಜೊತೆ ಹೊಡೆದಾಡೋ ಪ್ರೋಟೀನ್ ಇದೆ, ಪ್ರತಿಕಾಯ ಅಂತಾರೆ. ಮೈ ದಿನಾ ಒಂದಿಷ್ಟು ಹಳೇದನ್ನ ಒಡೆದು ಹಾಕುತ್ತೆ, ಹೊಸದು ಮಾಡ್ಕೊಳುತ್ತೆ. ಆರೋಗ್ಯವಾಗಿರೋರಲ್ಲಿ ಎಷ್ಟು ಬೇಗ ಒಡೆಯುತ್ತೆ ಅಂತ ನನಗೆ ಗೊತ್ತಾಗಬೇಕು. ಅದಕ್ಕೇ ಒಂದಿಷ್ಟು ಪ್ರತಿಕಾಯಕ್ಕೆ ಗುರುತು ಹಾಕಿ ನಿನ್ನೊಳಗೆ ಬಿಟ್ಟಿದ್ದೀನಿ."

"ದನದ ಕಿವಿಗೆ ಗುರುತು ಹಾಕಿ ಮಂದೆಗೆ ಬಿಟ್ಟ ಹಾಗಾ?" ಅಂದೆ.

"ನಾನು ದನ ನೋಡಿರೋದು ತಟ್ಟೇಲಿ ಮಾತ್ರ. ಆದರೂ ಹೌದು ಅನ್ಸುತ್ತೆ" ಅಂದರು.

ಗುರುತು ಅಂದರೆ ವಿಕಿರಣ ಸೂಸೋ ಅಯೋಡಿನ್. ಪ್ರತಿಕಾಯ ಒಡೆದ ಹಾಗೆಲ್ಲ ಅದು ಕಳಚಿಕೊಂಡು ಮೂತ್ರದಲ್ಲಿ ಹೊರಗೆ ಬರುತ್ತೆ. ಆದ್ದರಿಂದ ಬೆಳಿಗ್ಗೆ ರಕ್ತ ಕೊಡಬೇಕು, ದಿನವಿಡೀ ಒಂದು ಹನಿ ಚೆಲ್ಲದೆ ಮೂತ್ರ ಕಂದು ಬಾಟಲಿಗೆ ಹಿಡಿಯಬೇಕು. ಗಂಟಲ ಗ್ರಂಥಿ ಆ ಅಯೋಡಿನ್ನನ್ನು ನುಂಗಿಕೊಳ್ಳಬಾರದು ಅಂತ ಮೂರು ಹೊತ್ತೂ ಹಾಲಿಗೆ ಕಹಿ ಔಷಧದ ಹನಿ ಬೇರೆ. ಊಟವನ್ನ ಪಥ್ಯದ ಉಸ್ತುವಾರಿಯ ಮಿಸ್ ಪ್ರೂಇಟ್ ತಕ್ಕಡಿಯಲ್ಲಿ ತೂಗಿ ಕೊಡುತ್ತಾಳೆ. ತಟ್ಟೆಗೆ ಅಂಟಿದ ಬೆಣ್ಣೆಯನ್ನೂ ಬ್ರೆಡ್ಡಿನಿಂದ ಒರೆಸಿ ತಿನ್ನಬೇಕಂತೆ. ಅದೊಂದು ನನಗೆ ಹೊಸದಲ್ಲ, ನಮ್ಮನೇಲೂ ಹೀಗೇ.

ಮಾರ್ಚ್ ೨೮

ಕೂತು ಕೂತು ಸೊಂಟ ಹಿಡಿದುಕೊಂಡಿದೆ. ನೆಲ ಒರೆಸಲಾ ಅಂತ ನರ್ಸನ್ನ ಕೇಳಿದೆ. ಬೈದು ಕಳಿಸಿದಳು. ಬೆವರಿದರೆ ಲೆಕ್ಕ ಕೆಡುತ್ತಂತೆ.

ಎದುರಿನ ಕೋಣೇಲಿ ಒಬ್ಬ ಹೆಂಗಸಿದ್ದಾಳೆ, ಮಿಸೆಸ್ ಕಾಡಿಲ್, ಕೆಂಟಕಿ ಬೆಟ್ಟದ ಕಡೆಯವಳು. ನಲವತ್ತರ ಹತ್ತಿರ. ಕಾಲು ಊದಿ ಕಂಬವಾಗಿದೆ. ಬಾಯಿ ಮಾತ್ರ ಸ್ವಲ್ಪವೂ ಊದಿಲ್ಲ. ನನ್ನ ಬಿಳಿ ಪ್ರಾರ್ಥನೆ ಟೋಪಿ ನೋಡಿ, "ಏನೇ ಟೋಪಿ, ತಲೆಗೆ ಜರಡಿ ಯಾಕೆ ಹಾಕ್ಕೊಂಡಿದೀಯ, ಹಿಟ್ಟು ಜಾಲಿಸ್ತೀಯಾ?" ಅಂದಳು. ಇಸ್ಪೀಟು ಆಡೋಕೆ ಕರೆದಳು. ರಾಜ ರಾಣಿಯರ ಚಿತ್ರ ಇರೋ ಎಲೆ ನಾವು ಮುಟ್ಟಲ್ಲ ಅಂದೆ. "ಯಾಕೆ, ಕಚ್ಚುತ್ತಾ?" ಅಂದಳು. ನಾನು ಎದ್ದು ಬಂದುಬಿಟ್ಟೆ. ಆ ಹೆಂಗಸಿಗೂ ನನಗೂ ಆಗಿಬರಲ್ಲ.

ಏಪ್ರಿಲ್ ೩

ಮಿಸೆಸ್ ಕಾಡಿಲ್ ಇವತ್ತು ಎಲೆಗಳಿಂದ ರಾಜ ರಾಣಿ ಗುಲಾಮರನ್ನೆಲ್ಲ ತೆಗೆದು ಡ್ರಾಯರಿಗೆ ಹಾಕಿ, "ಈಗ ಬಾ, ಬರೀ ಲೆಕ್ಕದವೇ ಉಳಿದಿರೋದು" ಅಂದಳು. ಹೋದೆ. ಸೋತೆ.

ಆಡುತ್ತಾ ತನ್ನ ಕಥೆ ಹೇಳಿದಳು. ಅವಳ ರಕ್ತದಲ್ಲಿ ಪ್ರತಿಕಾಯವೇ ನಿಲ್ಲುತ್ತಿಲ್ಲ. ಚಳಿಗಾಲಕ್ಕೆ ಎರಡು ಸಲ ನ್ಯುಮೋನಿಯಾ. ಅಣ್ಣ ಇದೇ ರೀತಿ ಊದಿಕೊಂಡು ಸತ್ತನಂತೆ. ಈಗ ಹದಿಮೂರರ ಮಗಳು ವಿಲ್ಮಾಗೂ ಕಾಲು ಊದೋಕೆ ಶುರುವಾಗಿದೆ. ಎಲ್ಲ ಕರುಳಿನಿಂದ ಸೋರಿ ಹೋಗುತ್ತಿದೆ, ಆ ಭಾಗ ಕತ್ತರಿಸಿ ತೆಗೆಯೋಣ ಅಂತ ದೊಡ್ಡ ಸರ್ಜನ್ ಹೇಳುತ್ತಾರೆ. ಲೆವಿಟ್ಸ್ಕಿ ಒಪ್ಪಲ್ಲ. ಸೋರಿಕೆ ಇಲ್ಲ, ಅವಳ ಮೈಯೇ ಅದನ್ನ ಬೇಗ ಬೇಗ ಒಡೆದು ಹಾಕುತ್ತಿದೆ, ಕತ್ತರಿಸಿದರೆ ಕರುಳೂ ಹೋಯಿತು, ಕಾಯಿಲೆಯೂ ಉಳಿಯಿತು ಅಂತ ಅವರ ವಾದ.

"ಆ ಸರ್ಜನ್ ಕೇಳಿದ್ನಂತೆ, ಬೇಗ ಅಂದ್ರೆ ಯಾರಿಗಿಂತ ಬೇಗ ಅಂತ" ಅಂದಳು ಮಿಸೆಸ್ ಕಾಡಿಲ್. "ಇವರ ಹತ್ರ ಮೂರು ಗಂಡಸರ ಲೆಕ್ಕ ಇದೆ. ಹೆಂಗಸರದ್ದು ಒಂದೂ ಇಲ್ಲ. ಅದಕ್ಕೇ ನಿನ್ನ ತಂದು ಕೂರಿಸಿರೋದು ಕಣೇ. ನೀನು ನನ್ನ ಅಳತೆ ಕೋಲು."

ನನಗೆ ಇದನ್ನ ಯಾರೂ ಹೇಳಿರಲಿಲ್ಲ. ಇವತ್ತು ಅಪ್ಪನಿಗೆ ಕಾಗದ ಬರೆದು ಮಿಸೆಸ್ ಕಾಡಿಲ್‌ಗಾಗಿ ಸಭೆಯಲ್ಲಿ ಪ್ರಾರ್ಥನೆ ಮಾಡಿಸಿ ಅಂತ ಕೇಳಿಕೊಂಡೆ.

ಏಪ್ರಿಲ್ ೯

ಅಪ್ಪನ ಉತ್ತರ ಬಂತು. ಅಪ್ಪ ಸಭೆಯ ಉಸ್ತುವಾರಿ ನೋಡೋ ಡೀಕನ್, ಮಾಡಿದರೆ ಅರ್ಧಂಬರ್ಧ ಮಾಡೋರಲ್ಲ. ಬುಧವಾರದಿಂದ ಶುಭ ಶುಕ್ರವಾರದವರೆಗೆ ಇಡೀ ಸಭೆ ಉಪವಾಸವಂತೆ. ಎಂಬತ್ತು ದಾಟಿದ ಅಜ್ಜಿಯೂ ಬರೀ ನೀರು. ಕಂಡಿಲ್ಲ ಕೇಳಿಲ್ಲ, ಒಬ್ಬಳು ಕೆಂಟಕಿ ಹೆಂಗಸಿಗೋಸ್ಕರ!

ಕೇಳಿದವಳು ನಾನು. ಅಜ್ಜಿ ಹೊಟ್ಟೆ ಕಟ್ಟಿಕೊಂಡು ಕೂತಿರುವಾಗ ನಾನು ಇಲ್ಲಿ ಮೂರು ಹೊತ್ತು ಬೆಣ್ಣೆ ಒರೆಸಿ ತಿನ್ನಲಾ? ಯಾವ ಮುಖ ಇಟ್ಟುಕೊಂಡು?

ಏಪ್ರಿಲ್ ೧೦

ಲೋವೆಲ್ ಗಿಂಗರಿಚ್‌ಗೆ ಈಗ ಯಾವ ಪರೀಕ್ಷೆಯೂ ನಡೆಯುತ್ತಿಲ್ಲ. ನನ್ನ ಹಾಗೇ ಸೇವೆಗೆ ಬಂದ ಅಯೋವಾದ ಹುಡುಗ, ಎಷ್ಟು ಹಾಕಿದರೂ ಸಾಲದು ಅಂತಾನೆ. ನನ್ನ ತಟ್ಟೆ ಅವನಿಗೆ ದಾಟಿಸಿದೆ. ಅನ್ನ ಚೆಲ್ಲಿದ ಪಾಪವೂ ಇಲ್ಲ. ಹನಿ ಮಾತ್ರ ನೀರಿಗೆ ಹಾಕಿಕೊಂಡು ಕುಡಿದೆ.

ಏಪ್ರಿಲ್ ೧೨, ಶುಭ ಶುಕ್ರವಾರ

ತಲೆ ಸುತ್ತುತ್ತಿದೆ. ಮನಸ್ಸು ಹಗುರ.

ಏಪ್ರಿಲ್ ೧೩

ಬೆಳಿಗ್ಗೆ ತೂಕ ನೋಡಿದ ಮಿಸ್ ಪ್ರೂಇಟ್ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. "ಎಲ್ಡಾ, ಊಟ ಮಾಡ್ತಿದೀಯಾ?"

"ಇಲ್ಲ" ಅಂದೆ. ಕೇಳಿದ ಮೇಲೆ ಸುಳ್ಳು ಹೇಳೋದು ನಮ್ಮಲ್ಲಿಲ್ಲ.

ಲೆವಿಟ್ಸ್ಕಿ ಓಡಿ ಬಂದರು. ಉಪವಾಸದ ವಿಷಯ ಹೇಳಿದೆ. ಅವರು ಕೂಗಾಡಲಿಲ್ಲ, ಕುರ್ಚಿ ಮೇಲೆ ಕುಸಿದರು. ಕೂಗಾಡಿದ್ದರೇ ವಾಸಿಯಿತ್ತು. "ಹೊಟ್ಟೇಲಿ ಏನೂ ಇಲ್ಲದಾಗ ಮೈ ತನ್ನ ಪ್ರೋಟೀನನ್ನೇ ಸುಡುತ್ತೆ ಕಣಮ್ಮಾ. ಈಗ ನಿನ್ನ ಲೆಕ್ಕ ಆರೋಗ್ಯವಂತೆಯದ್ದು ಅಂತ ನಾನು ಹೇಗೆ ಹೇಳಲಿ? ಸರ್ಜನ್ ಇದನ್ನ ನೋಡಿ ನಗ್ತಾನೆ. ಇಷ್ಟೂ ದಿನದ್ದು ಕಸದ ಬುಟ್ಟಿಗೆ."

"ಆಪರೇಷನ್ ಯಾವಾಗ?" ಅಂದೆ.

"ಈ ತಿಂಗಳ ಕೊನೆಗೆ ಅಂತಿದ್ದಾರೆ."

ಅಯ್ಯೋ ದೇವರೇ. ಅವಳಿಗೋಸ್ಕರ ಅಂತ ಮಾಡಿ ಅವಳ ಕುತ್ತಿಗೆಗೇ ತಂದೆನಲ್ಲ.

ಏಪ್ರಿಲ್ ೧೪, ಈಸ್ಟರ್

ಚರ್ಚಿಗೆ ಹೋಗಲಿಲ್ಲ. ಎದುರಿನ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಮಿಸೆಸ್ ಕಾಡಿಲ್ ಕೈಗೆ ಸಿಕ್ಕ ದಿಂಬು ಎಸೆದಳು.

"ಯಾರೇ ಹೇಳಿದ್ದು ನಿನಗೆ? ನಾನು ಕೇಳಿದ್ನಾ? ನೀನು ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕ್ಕೊಂಡ್ರೆ ನನ್ನ ಕಾಲು ಇಳಿಯುತ್ತಾ? ದೇವರಿಗೆ ನಿನ್ನ ಆಲೂಗಡ್ಡೆ ಬೇಕಾಗಿತ್ತಾ?"

ಅತ್ತೆ. ಅವಳೂ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ನಮ್ಮ ಊರ ಜನ ನನಗೋಸ್ಕರ ಒಂದು ಹೊತ್ತು ಕಾಫಿ ಬಿಟ್ಟಿಲ್ಲ. ನಿಮ್ಮಜ್ಜಿ ನಿಜವಾಗ್ಲೂ ಮೂರು ದಿನ ಏನೂ ತಿನ್ಲಿಲ್ವಾ?" ಅಂದಳು. ಇಲ್ಲ ಅಂದೆ. "ಹುಚ್ಚು ಮುದುಕಿ" ಅಂದು ಮತ್ತೆ ಅತ್ತಳು.

ಏಪ್ರಿಲ್ ೧೬

ಮತ್ತೆ ಮೊದಲಿಂದ ಮಾಡಿ ಅಂತ ನಾನೇ ಹೋಗಿ ಲೆವಿಟ್ಸ್ಕಿಗೆ ಹೇಳಿದೆ. ಹಳೇ ಗುರುತು ಮೈಯಿಂದ ಇಳಿಯೋಕೆ ಬಿಡಬೇಕು, ಮೇ ತಿಂಗಳಿಗೆ ಮೊದಲು ಆಗಲ್ಲ, ಮುಗಿಯೋದು ಜೂನ್ ಕೊನೆ ಅಂದರು. "ನಿನ್ನ ಸೇವೆ ಜೂನ್ ಮೊದಲ ವಾರಕ್ಕೇ ಮುಗಿಯುತ್ತಲ್ಲ?"

"ನನ್ನ ಸೇವೆ ಯಾವಾಗ ಮುಗಿಯುತ್ತೆ ಅಂತ ನಾನು ಹೇಳ್ತೀನಿ" ಅಂದೆ. ಬಾಯಿಂದ ಹೇಗೆ ಬಂತೋ.

ಉಳಿದಿದ್ದು ಆಪರೇಷನ್. ಸರ್ಜನ್ ಒಪ್ಪಿಗೆ ಪತ್ರ ಹಿಡಿದು ಬಂದಾಗ ನಾನು ಅಲ್ಲೇ ಇದ್ದೆ. ಮಿಸೆಸ್ ಕಾಡಿಲ್, ಈಗ ನನಗೆ ಬರೀ ಓರ್ಫಾ, ಪೆನ್ನು ಮುಟ್ಟಲಿಲ್ಲ. "ಈ ಹುಡುಗೀದು ಮುಗೀಲಿ. ಆಮೇಲೆ ಬೇಕಾದ್ರೆ ನನ್ನ ತುಂಡು ತುಂಡು ಮಾಡ್ಕೊಳಿ" ಅಂದಳು. ಅಷ್ಟರಲ್ಲಿ ಇನ್ನೊಂದು ನ್ಯುಮೋನಿಯಾ ಬಂದರೆ ಉಳಿಯೋದು ಕಷ್ಟ ಅಂತ ಅವರು ಎಚ್ಚರಿಸಿದರು. "ಬಂದ್ರೆ ನೋಡ್ಕೊಳ್ಳೋಣ" ಅಂದಳು. ಅವಳು ಕಾಯುತ್ತಿರೋದು ನನ್ನ ತಪ್ಪಿಗೆ. ಇದನ್ನ ಒಂದು ದಿನವೂ ಮರೆಯಬಾರದು.

ಮೇ ೬, ಸೋಮವಾರ

ಸೂಜಿ ಹಾಕಿದರು. ಎರಡನೇ ಸಲ. ಮಧ್ಯಾಹ್ನ ಲೋವೆಲ್ ನನ್ನ ತಟ್ಟೆಯತ್ತ ನೋಡಿದ. "ಕಣ್ಣು ಹಾಕಿದ್ರೆ ಕಿತ್ತು ಹಾಕ್ತೀನಿ" ಅಂದೆ. ಶಾಂತಿವಾದಿ ಬಾಯಲ್ಲಿ ಇಂಥ ಮಾತಾ ಅಂತ ನಕ್ಕ.

ಮೇ ೧೯

ನಡೆದದ್ದೆಲ್ಲ ಬರೆದಿದ್ದ ನನ್ನ ಕಾಗದ ತಲುಪಿ ಅಪ್ಪ ಫೋನ್ ಮಾಡಿದರು. ಫೋನ್‌ನಲ್ಲಿ ಮಾತಾಡೋದು ಅವರಿಗೆ ಆಗಲ್ಲ, ಹೊಲದ ಆ ತುದಿಯಲ್ಲಿರೋರನ್ನ ಕರೆದ ಹಾಗೆ ಕೂಗುತ್ತಾರೆ.

"ಜೂನ್‌ಗೆ ಬರ್ತೀನಿ ಅಂದಿದ್ದೆ!"

"ಅಂದಿದ್ದೆ ಅಪ್ಪಾ. ಆಗಲ್ಲ."

"ನಿಮ್ಮಮ್ಮ ಒಬ್ಬಳೇ ಹದಿನೈದು ಆಳಿಗೆ ಬೇಯಿಸ್ಬೇಕಾ? ಮಾತು ಕೊಟ್ಟ ಮೇಲೆ ಮುಗೀತು, ಅದು ನಮ್ಮ ರೀತಿ."

"ಇಲ್ಲೂ ಮಾತು ಕೊಟ್ಟಿದೀನಿ. ಒಂದು ಮುರೀಲೇಬೇಕು. ನಿಮ್ಮದನ್ನ ಮುರೀತಿದೀನಿ."

ಅಪ್ಪನ ದನಿ ತಗ್ಗಿತು. "ಉಪವಾಸ ನಾನೇ ಸಾರಿದ್ದು. ನಿನ್ನನ್ನೂ ಸೇರಿಸಿ ಅಂತ ಬರೆದಿರಲಿಲ್ಲ" ಅಂದು ಇಟ್ಟುಬಿಟ್ಟರು. ಕೋಪವೋ ಬೇಜಾರೋ ಗೊತ್ತಾಗಲಿಲ್ಲ. ಊಟದ ಹೊತ್ತಾಗಿತ್ತು, ಕೂತು ಪೂರ್ತಿ ತಿಂದೆ.

ಜೂನ್ ೧

ಓರ್ಫಾಗೆ ಜ್ವರ. ನ್ಯುಮೋನಿಯಾ ಅಂತ ಸಂಜೆಗೆ ಖಚಿತವಾಯಿತು. ಕೋಣೆಯೊಳಗೆ ನನ್ನನ್ನ ಬಿಡುತ್ತಿಲ್ಲ. ನನಗೆ ಅಂಟಿದರೆ ನಾನೂ ಆರೋಗ್ಯವಂತೆಯಲ್ಲ.

ಜೂನ್ ೨

ಬಾಗಿಲ ಗಾಜಿನಿಂದ ನೋಡಿದೆ. ಹಾಸಿಗೆ ಸುತ್ತ ಕಟ್ಟಿದ ಆಮ್ಲಜನಕದ ಡೇರೆಯೊಳಗೆ ಮುಖ ಬೂದಿ. ಕಣ್ಣು ಬಿಡಲಿಲ್ಲ.

ತಿರುಗಿ ಬಂದರೆ ನನ್ನ ತಟ್ಟೆ ಬಂದಿದೆ. ಕೋಳಿ, ಬಟಾಣಿ, ಆಲೂಗಡ್ಡೆ, ಬ್ರೆಡ್ಡು, ಬೆಣ್ಣೆ, ಪೀಚ್ ಹಣ್ಣು. ಒಂದು ತುತ್ತು ಬಾಯಿಗಿಟ್ಟೆ, ನುಂಗೋಕಾಗಲಿಲ್ಲ. ಬಲವಂತವಾಗಿ ನುಂಗಿ ವಾಂತಿಯಾದರೆ ಎಲ್ಲ ಹೋಯಿತು. ಒಬ್ಬರು ಸಾಯುತ್ತಿರುವಾಗ ಉಪವಾಸ ಕೂರೋದು ನನಗೆ ಗೊತ್ತು, ಮಂಡಿಯೂರಿ ಕೂರೋದು ಗೊತ್ತು. ಕೂತು ಕೋಳಿ ತಿನ್ನೋದು ಗೊತ್ತಿಲ್ಲ. ಯಾರೂ ಕಲಿಸಿಲ್ಲ.

ಮಿಸ್ ಪ್ರೂಇಟ್ ಬಂದು ಎದುರು ಕೂತಳು. "ಆತುರ ಇಲ್ಲ. ತಣ್ಣಗಾದ್ರೂ ತೂಕ ಅಷ್ಟೇ ಇರುತ್ತೆ" ಅಂದಳು. ಬಟಾಣಿಯನ್ನ ಒಂದೊಂದಾಗಿ ತಿಂದೆ. ಅಳು ಬಂದಾಗ ಫೋರ್ಕ್ ಕೆಳಗಿಟ್ಟು, ಅತ್ತು, ಮತ್ತೆ ಎತ್ತಿಕೊಂಡೆ. ಕಣ್ಣೀರು ತಟ್ಟೆಗೆ ಬಿದ್ದರೆ ಉಪ್ಪಿನ ಲೆಕ್ಕ ಕೆಡುತ್ತಾ ಅಂತ ಕೇಳಿದೆ. "ಅಷ್ಟಕ್ಕೆಲ್ಲ ಕೆಡಲ್ಲ" ಅಂದಳು ಕನ್ನಡಕ ತೆಗೆದು ಒರೆಸುತ್ತಾ. ಕೋಳಿ ಮುಗಿಯೋ ಹೊತ್ತಿಗೆ ಹೊರಗೆ ಬಿಸಿಲು ಇಳಿದಿತ್ತು. ಬೆಣ್ಣೆ ಒರೆಸಿ ತಿಂದೆ. ಪೀಚಿನ ರಸವನ್ನೂ ಬಟ್ಟಲು ಎತ್ತಿ ಕುಡಿದೆ. ಇಷ್ಟು ಕಷ್ಟದ ಪ್ರಾರ್ಥನೆ ನಾನು ಈವರೆಗೆ ಮಾಡಿರಲಿಲ್ಲ.

ಜೂನ್ ೩

ಹಾಗೇ ಇದ್ದಾಳೆ. ಮೂರು ಹೊತ್ತೂ ತಿಂದೆ.

ಜೂನ್ ೪

ತಿಂದೆ.

ಜೂನ್ ೬

ಜ್ವರ ಇಳಿದಿದೆ! ಲೆವಿಟ್ಸ್ಕಿ ಟೈ ಜೇಬಿಗೆ ತುರುಕಿಕೊಂಡು ಬಂದು ಹೇಳಿದರು. ಬಾಗಿಲಲ್ಲೇ ನಿಂತು ಅವಳನ್ನ ನೋಡಿದೆ. ಓರ್ಫಾ ಡೇರೆಯೊಳಗಿಂದ ಬಾಯಿ ಆಡಿಸಿದಳು. ನರ್ಸ್ ಬಗ್ಗಿ ಕೇಳಿ, ನನ್ನತ್ತ ತಿರುಗಿ ಜೋರಾಗಿ ಹೇಳಿದಳು: "ಊಟ ಆಯ್ತಾ ಅಂತ ಕೇಳ್ತಿದಾರೆ."

"ಆಯ್ತು ಅಂತ ಹೇಳಿ. ಪೂರ್ತಿ" ಅಂದೆ.

ಜೂನ್ ೧೮

ಮನೇಲಿ ಕೊಯ್ಲು ಶುರುವಾಗಿದೆಯಂತೆ, ಅಮ್ಮನ ಕಾಗದ. ಚಿಕ್ಕಮ್ಮ ಬಂದು ಅಡಿಗೆಗೆ ನಿಂತಿದ್ದಾಳೆ. ಅಪ್ಪ ನನ್ನ ಸುದ್ದಿ ಎತ್ತುವುದಿಲ್ಲವಂತೆ. ಎತ್ತದಿದ್ದರೆ ಬೇಡ.

ಜೂನ್ ೨೮

ಲೆಕ್ಕ ಬಂತು.

ಲೆವಿಟ್ಸ್ಕಿ ಓರ್ಫಾಳ ಮಂಚದ ಮೇಲೆ ಗ್ರಾಫ್ ಕಾಗದ ಹಾಸಿದರು. ನನ್ನ ಗೆರೆ ಮೆಲ್ಲಗೆ, ನಮ್ಮ ಹೊಲದ ಇಳಿಜಾರಿನ ಹಾಗೆ ಇಳಿದಿತ್ತು. ಗುರುತು ಹಾಕಿದ್ದರಲ್ಲಿ ಅರ್ಧ ಖಾಲಿಯಾಗೋಕೆ ಮೂರು ವಾರ. ಆ ಮೂರು ಗಂಡಸರದ್ದೂ ಹೆಚ್ಚು ಕಮ್ಮಿ ಅದೇ. ಓರ್ಫಾಳ ಗೆರೆ ನೆಟ್ಟಗೆ ಬಾವಿಗೆ ಬಿದ್ದಂತಿತ್ತು. ನಾಲ್ಕು ದಿನಕ್ಕೆ ಅರ್ಧ. ಕರುಳಲ್ಲಿ ಸೋರಿಕೆ ಇಲ್ಲ ಅಂತ ಬೇರೆ ಪರೀಕ್ಷೆ ಮೊದಲೇ ಹೇಳಿತ್ತು. ಮೈಯೇ ಒಡೆದು ಹಾಕುತ್ತಿದೆ. ಸರ್ಜನ್ ಎರಡು ಸಲ ನೋಡಿದರಂತೆ. ನನ್ನ ಗೆರೆಯ ಮೇಲೆ ಬೆರಳಿಟ್ಟು, "ಇವಳು ಸರಿಯಾಗಿ ತಿಂದಿದ್ದು ಖಂಡಿತ ತಾನೇ?" ಅಂದರಂತೆ. ಮಿಸ್ ಪ್ರೂಇಟ್ ತಾನೇ ಮುಂದೆ ಬಂದು, "ಪ್ರತಿ ತುತ್ತನ್ನೂ ನಾನು ನೋಡಿದ್ದೀನಿ" ಅಂದಳಂತೆ. ಆಪರೇಷನ್ ಇಲ್ಲ. ವಿಲ್ಮಾಗೂ ಇಲ್ಲ.

"ಹಾಗಾದ್ರೆ ಕತ್ತರಿಸಿ ಬಿಸಾಕೋ ಅಂಥ ಕೆಟ್ಟ ಜಾಗ ಒಂದೂ ಇಲ್ಲ ನನ್ನಲ್ಲಿ" ಅಂದಳು ಓರ್ಫಾ. "ಇಡೀ ಮೈಯೇ ಕೆಟ್ಟಿದೆ."

"ವಾಸಿ ಮಾಡೋಕೆ ಇನ್ನೂ ಗೊತ್ತಿಲ್ಲ" ಅಂದರು ಲೆವಿಟ್ಸ್ಕಿ. "ಆದರೆ ಹೋಗೋ ವೇಗ ಗೊತ್ತಾಯ್ತಲ್ಲ, ಆ ವೇಗಕ್ಕೆ ತುಂಬಿಸ್ತಾ ಇರಬಹುದು. ದಾನ ಕೊಟ್ಟ ರಕ್ತದಿಂದ ಪ್ರತಿಕಾಯ ತೆಗೆದು ಸೂಜಿ ಹಾಕ್ತೀವಿ, ಮೇಲಿಂದ ಮೇಲೆ. ನಿಮ್ಮೊಬ್ಬರಿಗೇ ತುಂಬ ಜನರ ರಕ್ತ ಬೇಕು, ಅದೇ ಚಿಂತೆ."

"ಎಂಥವರ ರಕ್ತ?" ಅಂದೆ.

"ಎಂಥವರದ್ದೂ ಆಗುತ್ತೆ. ಹೊಟ್ಟೆ ತುಂಬ ಉಂಡು ಆರೋಗ್ಯವಾಗಿದ್ರೆ ಸಾಕು."

ನಾನು ಕೋಣೆಗೆ ಬಂದು ಅಪ್ಪನಿಗೆ ಕಾಗದ ಬರೆದೆ. ಕ್ಷಮೆ ಕೇಳಲಿಲ್ಲ. ಸಭೆಯಲ್ಲಿ ಓದಿ ಹೇಳಿ ಅಂತ ಬರೆದೆ.

ಆಗಸ್ಟ್ ೧೭, ಶನಿವಾರ. ಕ್ಯಾನ್ಸಸ್

ಇಲ್ಲಿಗೆ ಬಂದು ತಿಂಗಳಾದರೂ ಬರೆಯೋಕೆ ಕೂತಿರಲಿಲ್ಲ. ಇವತ್ತು ಬರೆಯಲೇಬೇಕು.

ರಕ್ತ ತಗೊಳ್ಳೋ ಗಾಡಿ ಚರ್ಚಿನ ಅಂಗಳಕ್ಕೆ ಬಂದಿತ್ತು. ಅಪ್ಪ ಕಳೆದ ಭಾನುವಾರ ಪೀಠದ ಮುಂದೆ ನಿಂತು ಸಾರಿದ್ದರು: "ಶನಿವಾರ ಎಲ್ಲರೂ ಬೆಳಿಗ್ಗೆ ಚೆನ್ನಾಗಿ ಉಂಡು ಬನ್ನಿ. ಖಾಲಿ ಹೊಟ್ಟೇಲಿ ಯಾರೂ ಬರಕೂಡದು." ಡೀಕನ್ ಬಾಯಲ್ಲಿ ಇಂಥ ಮಾತು ಕೇಳಿ ಹಿರಿಯರು ಮುಖ ಮುಖ ನೋಡಿಕೊಂಡಿದ್ದರು. ಆದರೂ ಬಂದರು, ಬಾಗಿಲಿಂದ ರಸ್ತೆವರೆಗೆ ಸಾಲು. ಅಜ್ಜಿಗೆ ವಯಸ್ಸಾಯಿತು ಬೇಡ ಅಂದರೆ, "ಉಪವಾಸಕ್ಕೆ ಆಗ್ತೀನಿ, ಇದಕ್ಕೆ ಆಗಲ್ವಾ?" ಅಂತ ನರ್ಸ್ ಜೊತೆ ಜಗಳಕ್ಕೇ ನಿಂತಳು. ನನ್ನನ್ನೂ ಬೇಡ ಅಂದರು. ಗುರುತು ಹಾಕಿಸಿಕೊಂಡವಳ ರಕ್ತ ಈ ವರ್ಷ ತಗೊಳ್ಳಲ್ಲವಂತೆ. ಇಡೀ ಕೌಂಟಿಯಲ್ಲಿ ನನ್ನಷ್ಟು ಆರೋಗ್ಯವಂತೆ ಅಂತ ಅಳೆದು ತೋರಿಸಿದವಳು ಯಾರೂ ಇಲ್ಲ, ನನಗೇ ಆಗಲ್ಲ! ಸಿಟ್ಟು ಬಂತು. ಜಗ್ಗು ಹಿಡಿದು ಎಲ್ಲರಿಗೂ ಕಿತ್ತಳೆ ರಸ ಬಗ್ಗಿಸಿದೆ.

ಅಪ್ಪ ಮಲಗಿ ತೋಳು ಚಾಚಿದರು. ಊರಿಗೆ ಬಂದಾಗಿನಿಂದ ನಾವಿಬ್ಬರೂ ಹಾಲು, ಹವಾ ಬಿಟ್ಟು ಬೇರೆ ಮಾತಾಡಿರಲಿಲ್ಲ.

"ಇದು ಆ ಹೆಂಗಸಿಗೇ ಹೋಗುತ್ತಾ?" ಅಂದರು ಚಾವಣಿ ನೋಡುತ್ತಾ.

"ಗೊತ್ತಿಲ್ಲ. ಸಾವಿರಾರು ಜನರದ್ದು ಒಟ್ಟಿಗೆ ಸೇರಿಸ್ತಾರೆ. ಯಾರಿಗೋ ಹೋಗುತ್ತೆ."

"ಹೆಸರು ಬರೆದು ಕಳಿಸೋಕಾಗಲ್ವಾ?"

"ಇಲ್ಲ ಅಪ್ಪಾ."

ಸೂಜಿ ಒಳಗೆ ಹೋಯಿತು. ಅಪ್ಪ ಮುಖ ಗಂಟಿಕ್ಕಿಕೊಂಡರು. ಬಾಟಲಿ ತುಂಬುವವರೆಗೂ ಅವರು ಎದ್ದು ಹೋಗೋ ಹಾಗಿಲ್ಲ. ಹೇಳೋದಿದ್ದರೆ ಈಗಲೇ ಅನ್ನಿಸಿತು.

"ಓರ್ಫಾ ಕಾಗದ ಹಾಕಿದ್ದಾಳೆ. ಕಾಲು ಶೂ ಒಳಗೆ ಹಿಡಿಯುತ್ತಂತೆ. ವಿಲ್ಮಾನ ಅಳೆಯೋಕೆ ಬರೋ ವಸಂತದಲ್ಲಿ ಆಸ್ಪತ್ರೆಗೆ ಸೇರಿಸ್ತಾರಂತೆ. ಆ ವಯಸ್ಸಿನ ಆರೋಗ್ಯವಂತ ಮಕ್ಕಳಿಗೆ ಇಂಥ ಸೂಜಿ ಹಾಕೋ ಹಾಗಿಲ್ಲ. ಮತ್ತೆ ನನ್ನನ್ನೇ ಅವಳ ಪಕ್ಕದಲ್ಲಿಟ್ಟು ಅಳೀಬಹುದಾ ಅಂತ ಲೆವಿಟ್ಸ್ಕಿ ಕೇಳಿದ್ದಾರೆ. ನಾನು ಬರ್ತೀನಿ ಅಂತ ಬರೆದಾಯ್ತು."

ಅಪ್ಪ ಬಾಟಲಿಗೆ ರಕ್ತ ಇಳಿಯೋದನ್ನೇ ನೋಡಿದರು. ಬಿಸಿಲಿಗೆ ಕಪ್ಪಾದ ಕೈ, ಶರ್ಟಿನ ತೋಳು ಮಡಚಿದ ಗೆರೆಯಿಂದ ಮೇಲೆ ಬೆಳ್ಳಗೆ ಮಗುವಿನ ಕೈಯ ಹಾಗಿತ್ತು.

"ಎಷ್ಟು ದಿನ?"

"ಮುಗಿಯೋವರೆಗೂ."

"ಕೊಯ್ಲಿಗೆ ಬರಲ್ಲ."

"ಬರೋಕಾಗದೇ ಇರಬಹುದು."

ಇನ್ನೊಂದು ಕೈಯಿಂದ ಅಪ್ಪ ನನ್ನ ಮಣಿಕಟ್ಟು ಹಿಡಿದುಕೊಂಡರು, ಸಂತೆಯಲ್ಲಿ ಕರುವಿನ ಕಾಲು ಹಿಡಿದು ನೋಡೋ ಹಾಗೆ.

"ತೆಳ್ಳಗಾಗಿದೀಯ" ಅಂದರು. "ಈಗಿನಿಂದಲೇ ಸರಿಯಾಗಿ ತಿನ್ನು."